ಪದಚರ್ಚೆ: ‘ವೇರಿಯೇಷನ್’ಗೆ ‘ಸಂಗತಿ’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಹಾಸನದಲ್ಲಿ ಪಿಟೀಲು ಕಲಿಯುವ ಮಕ್ಕಳಿಗಾಗಿ ಕನ್ನಡದಲ್ಲೊಂದು ಕಂಪ್ಯೂಟರ್ ಪಾಠ ಸಿದ್ಧಪಡಿಸುತ್ತಿದ್ದೇವೆ. ಕೃತಿ, ಪಾಶ್ಚಾತ್ಯ ಸಂಗೀತದ ರಚನಕಾರ ಶೂಬರ್ಟ್ 1819ರಲ್ಲಿ ರಚಿಸಿದ ‘ಟ್ರೌಟ್’ ಕ್ವಿಂಟೆಟ್, ಅಂದರೆ ಐದು ವಾದ್ಯಗಳ ಕೃತಿ. ಪಾಠದ ವಿಧಾನ ಹೊಸದಲ್ಲ. ಬೀಥೋವನ್‌ನ ಒಂಬತ್ತನೆಯ ಸಿಂಫನಿಗೆ ವಾಯೇಜರ್ ಕಂಪನಿ 1989ರಲ್ಲೇ ಇಂಥದ್ದನ್ನು ತಂದಿತ್ತು. ವಾದನ ಸಾಗಿದಂತೆ ತೆರೆಯ ಮೇಲಿನ ವಿವರಣೆಯೂ ಬದಲಾಗುತ್ತದೆ, ಬೇಕಾದ ಭಾಗದ ಬಟನ್ ಒತ್ತಿ ಅದನ್ನೇ ಮತ್ತೆ ಕೇಳಬಹುದು.

ಇಂಥ ಕೆಲವೇ ವಾದಕರ ಸಂಗೀತಕ್ಕಿರುವ ‘ಚೇಂಬರ್ ಮ್ಯೂಸಿಕ್’ ಎಂಬ ಹೆಸರನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ನಮ್ಮ ಬೀದಿಯಲ್ಲಿ ಚೇಂಬರ್ ಎಂದರೆ ಒಳಚರಂಡಿಯದು! ಪಿಯಾನೊ, ಪಿಟೀಲು, ವಿಯೊಲಾ, ಚೆಲ್ಲೊ, ಡಬಲ್ ಬೇಸ್, ಒಂದೊಂದಕ್ಕೂ ಒಬ್ಬೊಬ್ಬರೇ. ಹಾಗಾಗಿ ‘ಕಿರುಮೇಳ’ ಎಂದು ಇಟ್ಟುಕೊಂಡಿದ್ದೇವೆ.

ತೊಡಕಿರುವುದು ನಾಲ್ಕನೆಯ ಭಾಗದಲ್ಲಿ. ಶೂಬರ್ಟ್ 1817ರಲ್ಲಿ ತಾನೇ ರಚಿಸಿದ್ದ ಹಾಡಿನ ಧಾಟಿಯನ್ನು ಮೊದಲು ತಂತಿವಾದ್ಯಗಳಷ್ಟೇ ನುಡಿಸುತ್ತವೆ. ಅಲ್ಲಿಂದ ಮುಂದೆ ವೇರಿಯೇಷನ್‌ಗಳು, ಅಂದರೆ ಅದೇ ಧಾಟಿ ಬಗೆಬಗೆಯಾಗಿ ಬದಲಾಗಿ ಬರುವುದು. ಮೊದಲನೆಯದರಲ್ಲಿ ಧಾಟಿ ಪಿಯಾನೊಗೆ ಬರುತ್ತದೆ, ಮೂರನೆಯದರಲ್ಲಿ ಚೆಲ್ಲೊ ಮತ್ತು ಡಬಲ್ ಬೇಸ್‌ಗಳ ಮಂದ್ರಕ್ಕೆ ಇಳಿಯುತ್ತದೆ. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಮಾರ್ಪಾಡು’ ಎಂದರೆ ನಿಯಮಾವಳಿಯ ತಿದ್ದುಪಡಿಯಂತೆ ಕೇಳುತ್ತದೆ. ಕರ್ನಾಟಕ ಸಂಗೀತದ ‘ನೆರವಲ್’ ಪದವನ್ನು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ನೆರವಲ್ ಸಾಹಿತ್ಯದ ಸಾಲೊಂದನ್ನು ಹಿಡಿದು ವೇದಿಕೆಯಲ್ಲೇ ಹುಟ್ಟುವ ಮನೋಧರ್ಮ, ಅಂದರೆ ಆಶುವಾದ ಕಲ್ಪನೆ. ಶೂಬರ್ಟ್‌ನದು ಸ್ವರಸ್ವರವೂ ಬರೆದಿಟ್ಟದ್ದು.

ಆದ್ದರಿಂದ ನನ್ನ ಒಲವು ಅದೇ ಸಂಗೀತದ ‘ಸಂಗತಿ’ಯ ಕಡೆ. ಕೃತಿಯ ಒಂದೇ ಸಾಲು ಹಂತಹಂತವಾಗಿ ಬೆಳೆಯುವುದು, ಅದು ಪಾಠಾಂತರದಲ್ಲಿ (ಗುರುವಿನಿಂದ ಶಿಷ್ಯರಿಗೆ ಬಂದ ಪಾಠದಲ್ಲಿ) ನೆಲೆಗೊಂಡಿರುವುದು, ಇವೆರಡೂ ಹೊಂದುತ್ತವೆ. ಆದರೆ ನಮ್ಮ ಸಂಗತಿ ರಾಗದ ಗೆರೆ ದಾಟುವುದಿಲ್ಲ. ಇಲ್ಲಿ ನಾಲ್ಕನೆಯ ವೇರಿಯೇಷನ್ ಡಿ ಮೇಜರ್ ಸ್ವರಶ್ರೇಣಿ ಬಿಟ್ಟು ಡಿ ಮೈನರ್‌ಗೆ ಜಿಗಿಯುತ್ತದೆ. ಶಂಕರಾಭರಣ ರಾಗದಲ್ಲಿ ಹೊರಟವರು ಹೇಳದೆ ಕೇಳದೆ ಕೀರವಾಣಿಗೆ ಹೊರಳಿದಂತೆ ನಮ್ಮ ಕಿವಿಗೆ ಅನ್ನಿಸೀತು. ಅದನ್ನೂ ಸಂಗತಿ ಎಂದರೆ ಮಕ್ಕಳ ಗುರುಗಳು ಸುಮ್ಮನಿರುತ್ತಾರೆಯೇ? ಸಾಲದ್ದಕ್ಕೆ ತೆರೆಯ ಮೇಲೆ ‘ಸಂಗತಿ 1, ಸಂಗತಿ 2’ ಎಂದು ಕಂಡರೆ ಪಂಚಾಯಿತಿ ಸಭೆಯ ನಡಾವಳಿಯಂತಿರುತ್ತದೆ.

ರುದ್ರಪಟ್ಟಣದ ಕಡೆಯ ಸಂಗೀತ ಮನೆತನಗಳಲ್ಲಿ ಪಾಠವಾದವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ: ರಾಗವೇ ಬದಲಾದರೂ ‘ಸಂಗತಿ’ ಎಂದು ಹಿಗ್ಗಿಸಿ ಬಳಸಿದರೆ ಕಿವಿಗೆ ಕಟುವಾಗುತ್ತದೆಯೇ? ಪಾಠದಲ್ಲಿ ಬಳಕೆಯಾಗುವ ಬೇರೆ ಮಾತು ಇದ್ದರೆ ಅದೂ ಸರಿ. ಬಟನ್ ಮೇಲೆ ಐದಾರು ಅಕ್ಷರಕ್ಕಷ್ಟೇ ಜಾಗವಿದೆ. ‘ವೈವಿಧ್ಯಾತ್ಮಕ ಪುನರ್ನಿರೂಪಣೆ’ಯಂಥವನ್ನು ದಯವಿಟ್ಟು ಕಳುಹಿಸಬೇಡಿ.