‘ದಿವಾಳಿ’ ಒಂದೇ ಪದ ಸಾಕೇ? ಸಾಲದ ಕಾನೂನಿನ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ.

ಸಾಲ ತೀರಿಸಲಾಗದೆ ಕಂಗೆಟ್ಟವರಿಗೆ ಕಾನೂನಿನಲ್ಲಿ ಯಾವ ದಾರಿಗಳಿವೆ ಎಂದು ತಿಳಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಅದನ್ನು ಓದುವವರು ವಕೀಲರಲ್ಲ, ಮನೆ ಬಾಗಿಲಿಗೆ ನೋಟಿಸು ಬಂದವರು. ಒಂದು ಪದ ತಪ್ಪಾದರೂ ಅವರು ವಿನಾಕಾರಣ ಹೆದರಬಹುದು, ಇಲ್ಲವೇ ಸಿಗದ ಪರಿಹಾರವನ್ನು ನಂಬಿ ಕೂರಬಹುದು. ಆದ್ದರಿಂದ ನಿಮ್ಮ ಸಲಹೆ ಬೇಕು.

ಹೆಚ್ಚು ತೊಡಕಾಗಿರುವುದು ‘ದಿವಾಳಿ’. ಸಾಲ ಕೈಮೀರಿದವನೂ ದಿವಾಳಿ, ನ್ಯಾಯಾಲಯಕ್ಕೆ ಅರ್ಜಿ ಹಾಕಿದವನೂ ದಿವಾಳಿ, ನ್ಯಾಯಾಲಯ ಹಾಗೆಂದು ಘೋಷಿಸಿದವನೂ ದಿವಾಳಿ. ಕಾನೂನಿನಲ್ಲಿ ಇವು ಮೂರೂ ಬೇರೆ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಪ್ರಕಾರ, ಸಾಲ 500 ರೂಪಾಯಿ ಮುಟ್ಟಿದ್ದು ಅದನ್ನು ತೀರಿಸಲು ಆಗದವನು ತಾನಾಗಿಯೇ ಅರ್ಜಿ ಸಲ್ಲಿಸಬಹುದು. ವಿಚಾರಣೆಯ ನಂತರವೇ ಘೋಷಣೆ. ಆಗ ಅವನ ಆಸ್ತಿ ನ್ಯಾಯಾಲಯದ ಅಥವಾ ಅದನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ‘ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್‌ರಪ್ಟ್ಸಿ ಕೋಡ್’ ಎನ್ನುವ 2016ರ ಸಂಹಿತೆ ಇನ್ನೂ ಸ್ಪಷ್ಟವಾಗಿ ಗೆರೆ ಎಳೆದಿದೆ. ಮೊದಲ ಹಂತದಲ್ಲಿ ಸಾಲ ಕೊಟ್ಟವರೊಂದಿಗೆ ಕುಳಿತು ಮರುಪಾವತಿ ಯೋಜನೆ ಮಾಡಿಕೊಳ್ಳಬೇಕು. ಅದು ಕೈಗೂಡದಿದ್ದಾಗ ಮಾತ್ರ ಎರಡನೆಯ ಹಂತ, ಅಂದರೆ ದಿವಾಳಿ ಘೋಷಣೆ. ವ್ಯಕ್ತಿಗಳಿಗೆ ಸಂಬಂಧಿಸಿದ ಈ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಅದು ಎಲ್ಲರಿಗೂ ಅನ್ವಯಿಸುವ ದಿನ ಬಂದರೆ ಈ ಎರಡು ಹಂತಗಳಿಗೆ ನಮ್ಮಲ್ಲಿ ಎರಡು ಹೆಸರು ಇರಲೇಬೇಕು.

ಮರಾಠಿಯವರು ಇದೇ ಸಂಹಿತೆಗೆ ‘ನಾದಾರಿ ವ ದಿವಾಳಖೋರಿ’ ಎಂದರು, ಹಿಂದಿಯವರು ‘ದಿವಾಲಾ ಔರ್ ಶೋಧನ ಅಕ್ಷಮತಾ’ ಎಂದರು. ನಮ್ಮ ಪತ್ರಿಕೆಗಳು ‘ದಿವಾಳಿ ಸಂಹಿತೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತವೆ. ತಲೆಬರಹಕ್ಕೆ ಅಷ್ಟು ಸಾಕು, ನನ್ನ ಓದುಗರಿಗೆ ಸಾಲದು. ಘೋಷಣೆಯಾದ ಮೇಲಿನ ಸ್ಥಿತಿಗೆ ಮಾತ್ರ ‘ದಿವಾಳಿ’ ಎಂದು ಉಳಿಸಿಕೊಂಡು, ಅದಕ್ಕೆ ಮುಂಚಿನದನ್ನು ‘ತೀರಿಸಲಾಗದ ಸ್ಥಿತಿ’ ಎಂದು ಬಿಡಿಸಿ ಬರೆಯೋಣವೆಂದಿದ್ದೇನೆ. ‘ಋಣಶೋಧನಾಕ್ಷಮತೆ’ಯಂಥ ಪದವನ್ನು ಕಂಡ ಕೂಡಲೇ ಓದುಗರು ಪುಟ ಮಗುಚುತ್ತಾರೆ ಎಂಬ ಭಯ ನನಗಿದೆ.

‘ಪಾಪರ್’ ಬೇಡವೆಂದು ನಿರ್ಧರಿಸಿದ್ದೇನೆ. ಮಾತಿನಲ್ಲಿ ಅದು ದಿವಾಳಿಯೇ. ‘ಪಾಪರ್ ಚೀಟಿ’ ಎಂಬ ಬಳಕೆಯೂ ಇದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಪಾಪರ್ ಎಂದರೆ ದಾವೆ ಹೂಡಲು ನ್ಯಾಯಾಲಯ ಶುಲ್ಕ ಕಟ್ಟಲಾಗದವನು. ಅವನಿಗೆ ಒಂದು ರೂಪಾಯಿ ಸಾಲವೂ ಇಲ್ಲದಿರಬಹುದು. 1976ರ ತಿದ್ದುಪಡಿ ಆ ಪದವನ್ನೇ ಕೈಬಿಟ್ಟು ‘ನಿರ್ಗತಿಕ ವ್ಯಕ್ತಿ’ ಎಂಬ ಅರ್ಥದ ಮಾತನ್ನು ತಂದಿತು.

ಇನ್ನು ‘ಸಾಲಗಾರ’. ‘ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ’ ಎನ್ನುವಾಗ ಸಾಲಗಾರ ಎಂದರೆ ಕೊಟ್ಟವನು. ‘ಸಾಲಗಾರರಿಗೆ ಬ್ಯಾಂಕ್ ನೋಟಿಸು’ ಎನ್ನುವಾಗ ಪಡೆದವನು. ಸರ್ವಜ್ಞನ ಪ್ರಸಿದ್ಧ ತ್ರಿಪದಿಯ ‘ಸಾಲಿಗ’ನೂ ವಸೂಲಿಗೆ ಬಂದವನೇ. ಕಥೆಯಲ್ಲಿ ಸಂದರ್ಭವೇ ಅರ್ಥ ಬಿಡಿಸುತ್ತದೆ. ಯಾರು ಅರ್ಜಿ ಹಾಕಬಹುದು, ಯಾರು ತಕರಾರು ಸಲ್ಲಿಸಬಹುದು ಎಂದು ಹೇಳುವ ವಾಕ್ಯದಲ್ಲಿ ಅರ್ಥ ಮಗುಚಿದರೆ ಅನಾಹುತ. ‘ಸಾಲ ಪಡೆದವರು’, ‘ಸಾಲ ಕೊಟ್ಟವರು’ ಎಂದು ಉದ್ದಕ್ಕೂ ಬರೆದಿದ್ದೇನೆ.

‘ಸುಸ್ತಿದಾರ’ ಎಂಬ ಪದ ನನ್ನನ್ನು ಬಹಳ ಕಾಡಿದೆ. ಸಹಕಾರ ಸಂಘದಿಂದ ಬ್ಯಾಂಕಿನವರೆಗೆ ಇದು ರೂಢಿಯ ಮಾತು. ಪಾರಸಿ ಮೂಲದ ‘ಸುಸ್ತಿ’ಯಲ್ಲಿ ಆಲಸ್ಯದ ಅರ್ಥವಿದೆ. ಬೆಳೆ ಹೋದವನನ್ನೂ ಕೆಲಸ ಕಳೆದುಕೊಂಡವಳನ್ನೂ ಹಣವಿದ್ದೂ ಕಟ್ಟದವನ ಸಾಲಿನಲ್ಲಿ ನಿಲ್ಲಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕಾನೂನೂ ಹಾಗೆ ನಿಲ್ಲಿಸುವುದಿಲ್ಲ. ಡಿಕ್ರಿಯ, ಅಂದರೆ ದಾವೆಯಲ್ಲಿ ನ್ಯಾಯಾಲಯ ಕಟ್ಟಬೇಕೆಂದು ತೀರ್ಪಿತ್ತ, ಹಣ ಕಟ್ಟಲು ನಿಜಕ್ಕೂ ಆಗದವನನ್ನು, ಅವನಲ್ಲಿ ಕಪಟವಿಲ್ಲದಿದ್ದರೆ, ಸಿವಿಲ್ ಜೈಲಿಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಜಪ್ತಿಗೆ ಬಂದವರು ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ‘ಬಾಕಿದಾರ’ ಎಂದರೆ ದೋಷಾರೋಪವಿಲ್ಲದೆ ಅರ್ಥ ಬರುತ್ತದೆಯೇ? ಬ್ಯಾಂಕಿನಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಕೊನೆಯದು, ದಿವಾಳಿ ಘೋಷಣೆಯಾದವನನ್ನು ಮುಂದೆ ನ್ಯಾಯಾಲಯ ಸಾಲಗಳಿಂದ ಬಿಡಿಸುವ ಆದೇಶ. ‘ಸಾಲ ಮನ್ನಾ’ ಇಲ್ಲಿ ಸಲ್ಲದು, ಅದು ಸರ್ಕಾರದ ಅಥವಾ ಸಾಲ ಕೊಟ್ಟವರ ತೀರ್ಮಾನ. ‘ಋಣಮುಕ್ತಿ’ ಚೆನ್ನಾಗಿಯೇ ಇದೆ. ಆದರೆ ಖಾಸಗಿ ಲೇವಾದೇವಿಗೆ ಸಿಕ್ಕಿದ ಸಣ್ಣ ರೈತರು, ಭೂರಹಿತ ಕೂಲಿಕಾರರು ಮುಂತಾದವರಿಗಾಗಿ ಬಂದ ಕರ್ನಾಟಕದ 2018ರ ಋಣ ಪರಿಹಾರ ಕಾಯ್ದೆಯನ್ನು ಜನ ‘ಋಣಮುಕ್ತ ಕಾಯ್ದೆ’ ಎಂದೇ ಕರೆದರು, ಎರಡೂ ಕಲಸಿಹೋಗುತ್ತವೆ. ಮೇಲಾಗಿ ಈ ಆದೇಶದಿಂದ ಎಲ್ಲ ಋಣವೂ ಹರಿಯುವುದಿಲ್ಲ. 1920ರ ಕಾಯ್ದೆಯಲ್ಲಿ ಸರ್ಕಾರದ ಬಾಕಿ, ವಂಚನೆಯಿಂದ ಹುಟ್ಟಿದ ಸಾಲ, ನ್ಯಾಯಾಲಯ ವಿಧಿಸಿದ ಜೀವನಾಂಶ ಹಾಗೆಯೇ ಉಳಿಯುತ್ತವೆ. ಜಾಮೀನು ಹಾಕಿದವನಿಗೂ ಬಿಡುಗಡೆ ಇಲ್ಲ. ‘ಮುಕ್ತಿ’ ಎಂದರೆ ಓದುಗರು ಇದನ್ನೆಲ್ಲ ಮರೆತಾರು. ಸದ್ಯಕ್ಕೆ ‘ದಿವಾಳಿ ಬಿಡುಗಡೆ ಆದೇಶ’ ಎಂದು ಬರೆದಿಟ್ಟಿದ್ದೇನೆ.

ಜಿಲ್ಲಾ ನ್ಯಾಯಾಲಯಗಳ ಕನ್ನಡ ಆದೇಶಗಳಲ್ಲಿ ಇದಕ್ಕೆ ಬೇರೆ ಪದವನ್ನು ಕಂಡವರಿದ್ದರೆ ವಾಕ್ಯಸಮೇತ ಬರೆದು ಕಳಿಸಿ. ಬೆಳಗಾವಿ, ವಿಜಯಪುರ ಕಡೆಯ ಹಳೆಯ ಕಾಗದಪತ್ರಗಳಲ್ಲಿ ‘ನಾದಾರಿ’ ಕನ್ನಡದೊಳಗೂ ಬಂದಿತ್ತೇ ಎಂಬುದೂ ತಿಳಿಯಬೇಕಾಗಿದೆ.