ಅಳುಕು, ಆತಂಕ, ಮುಜುಗರ: ಇಂಗ್ಲಿಷ್ ಮಾತಾಡುವಾಗ ಆಗುವುದು ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಒದ್ದಾಡುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಡಿಗ್ರಿ ವಿದ್ಯಾರ್ಥಿಗಳು ಮೊಬೈಲ್ ಆ್ಯಪ್‌ನಲ್ಲಿ ಇಂಗ್ಲಿಷ್ ಕಲಿಯುವಾಗ ಮನಸ್ಸಿನಲ್ಲಿ ಏನೇನಾಗುತ್ತದೆ ಎಂದು ಕೇಳಲು ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲ 1986ರದ್ದು, ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಜ್ ಮತ್ತು ಇಬ್ಬರು ಸಂಗಡಿಗರದ್ದು. 33 ಹೇಳಿಕೆಗಳಿವೆ. ಒಂದೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸುತರಾಂ ಒಪ್ಪಲ್ಲ'ದವರೆಗೆ ಐದು ಉತ್ತರ. ಆಗ ಮೊಬೈಲ್ ಎಲ್ಲಿತ್ತು? ಹೆಚ್ಚಿನ ಹೇಳಿಕೆಗಳು ಕ್ಲಾಸ್‌ರೂಮಿನವೇ. ಅದನ್ನು ಹೇಗೋ ಬದಲಿಸಿಕೊಂಡೆ. ತಲೆಬರಹದಲ್ಲೇ ಇರುವ 'ಆ್ಯಂಗ್ಸೈಟಿ' ಮಾತ್ರ ಬಗ್ಗುತ್ತಿಲ್ಲ.

ಮೊದಲು 'ಆತಂಕ' ಎಂದು ಬರೆದೆ. ನಿಘಂಟು ಒಪ್ಪುತ್ತದೆ. ಆದರೆ ನಾವು ಆತಂಕಪಡುವುದು ರಾತ್ರಿ ಹತ್ತಾದರೂ ಮಗ ಮನೆಗೆ ಬರದಿದ್ದಾಗ, ಬಿತ್ತಿದ ಮೇಲೆ ಮಳೆ ಕೈಕೊಟ್ಟಾಗ. ಒಂದು ಇಂಗ್ಲಿಷ್ ವಾಕ್ಯ ಹೇಳೋದಕ್ಕೆ ಆತಂಕ ಅಂದರೆ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ? (ಹಿಂದಿ ಬಲ್ಲವರಿಗಂತೂ ಆತಂಕ ಅಂದರೆ ಬಾಂಬು ನೆನಪಾಗುತ್ತದೆ.)

ಆಮೇಲೆ 'ಅಳುಕು'. ಹಳಗನ್ನಡದ 'ಅಳ್ಕು', ನನಗೆ ಬಲು ಇಷ್ಟದ ಪದ. ಆದರೆ 'ಅಳುಕದೆ ಮಾತಾಡು' ಅನ್ನುವ ನಾವು 'ನಾನು ಅಳುಕುತ್ತೇನೆ' ಅನ್ನುವುದಿಲ್ಲ. ಹೇಳಿಕೆಗಳೆಲ್ಲ 'ನಾನು' ಎಂದೇ ಇರುವಾಗ ಇದು ಕಷ್ಟ. ಇನ್ನೊಂದು ತೊಡಕನ್ನು ಕರಡು ಓದಿದ ಹುಡುಗಿಯೊಬ್ಬಳು ತೋರಿಸಿದಳು. "ನಾನೇನು ಕದ್ದಿದ್ದೀನಾ ಮೇಡಂ, ಅಳುಕೋಕೆ?" ಹೌದಲ್ಲ! ತಪ್ಪು ಮಾಡಿದವರ ಮನಸ್ಸಿನಲ್ಲಿರುವುದೂ ಅಳುಕೇ.

ಅವಳೇ ಮುಂದುವರಿಸಿದಳು: "ಆ್ಯಪ್ ಎಷ್ಟು ಸಲ ತಪ್ಪು ಅಂದ್ರೂ ಬೇಜಾರಿಲ್ಲ. ರೂಮ್‌ಮೇಟ್ ಕೇಳಿಸ್ಕೊಂಡ್ರೆ ಮುಜುಗರ." ಅದಕ್ಕೇ ಮಾತಾಡುವ ಪಾಠ ಬಂದರೆ ಹಾಸ್ಟೆಲ್ ಟೆರೇಸಿಗೆ ಹೋಗುತ್ತಾಳಂತೆ. ಹಾರ್ವಿಟ್ಜ್ ಈ ಭಯಕ್ಕೆ ಮೂರು ಎಳೆ ಹೇಳುತ್ತಾರೆ: ಮಾತಾಡುವ ಭಯ, ಪರೀಕ್ಷೆಯ ಭಯ, ಬೇರೆಯವರು ಹಗುರವಾಗಿ ಕಂಡಾರೆಂಬ ಭಯ. ಮೂರನೆಯದಕ್ಕೆ ನಮ್ಮಲ್ಲಿ ಪದವೇ ಬೇಡ, 'ನಾಲ್ಕು ಜನ ಏನಂದಾರು' ಇದೆ. ಮುಜುಗರ ಸೇರುವುದು ಅಲ್ಲಿಗೆ. ಆದರೆ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ಕಟ್ಟಿ, ವ್ಯಾಕರಣ ಸರಿಯಾ ಅಂತ ಲೆಕ್ಕ ಹಾಕಿ, ಕೊನೆಗೆ ಮೈಕ್ ಒತ್ತದೆಯೇ ಬಿಡುತ್ತಾರಲ್ಲ, ಅದು ಮುಜುಗರವಲ್ಲ. ಅಲ್ಲಿ ಯೋಚನೆಯೇ ಕಾಲಿಗೆ ತೊಡರಿಕೊಂಡಿರುತ್ತದೆ. 'ಹಿಂಜರಿಕೆ' ಅನ್ನೋಣವೆಂದರೆ ಅದು ಹೊರಗೆ ಕಾಣುವ ನಡತೆ. ಸಾಲ ಕೇಳಲೂ ಹಿಂಜರಿಯುತ್ತೇವೆ.

ಬಿಡಿ ಹೇಳಿಕೆಗಳು ಅಷ್ಟು ಕಾಡಲಿಲ್ಲ. 'ಎದೆ ಡವಡವ ಅನ್ನುತ್ತದೆ' ಸಲೀಸಾಗಿ ಕೂತಿತು. ತಲೆಬರಹಕ್ಕೆ ಸದ್ಯ 'ಅಳುಕು' ಎಂದೇ ಇಟ್ಟಿದ್ದೇನೆ, ಆ ಹುಡುಗಿಯ ಮಾತು ಚುಚ್ಚುತ್ತಿದ್ದರೂ.

ಧಾರವಾಡ, ಕಲಬುರಗಿ ಕಡೆಯವರು ಹೇಳಬೇಕು: ನಿಮ್ಮ 'ಅಂಜಿಕಿ' ಇದಕ್ಕೆಲ್ಲ ಸಾಕಾಗುತ್ತದಾ? ಅಥವಾ ಅದು ಕತ್ತಲೆಗೆ, ನಾಯಿಗೆ ಅಂಜುವುದಕ್ಕೆ ಮಾತ್ರವಾ?