ಜಾತ್ರ್ಯಾಗ ಟವರ್ ಫುಲ್, ಯುಪಿಐ ಮಾತ್ರ ಹೋಗವಲ್ದು: ವೈಫೈ, ಡೇಟಾ ಯಾವುದು ಹಚ್ಚಬೇಕು?

ಬಟ್ಟಿ ಅಂಗಡಿ, ವಿಜಯಪುರ:
ಸಿದ್ಧೇಶ್ವರ ಜಾತ್ರಿ ಹತ್ರ ಬಂತ್ರಿ. ಗುಡಿ ಕಡೆ ಅಂಗಡಿ, ಒಳಗ ಫೈಬರ್ ವೈಫೈ ಐತಿ. ಸ್ಟಾಲ್ ಹೊರಗ, 15 ಮೀಟರ್ ದೂರ. ಸಂಕ್ರಮಣದ ಸಂಜಿ ಟವರ್ ಫುಲ್ ತೋರಸ್ತೈತಿ, ಯುಪಿಐ ಚಕ್ರ ತಿರಗ್ತನ ಇರ್ತೈತಿ. ವೈಫೈ ಹಚ್ಚಿದ್ರೂ ಸ್ಟಾಲಿನ್ಯಾಗ ಅದ ಹಾಡು. ಚಲೋ ಇದ್ದದ್ದಕ್ಕ ಫೋನ್ ತಾನ ಯಾಕ ಹೋಗೂದಿಲ್ಲ?

ಟವರ್ ಎಂಜಿನಿಯರ್, ಬೆಳಗಾವಿ:
ಕಡ್ಡಿಗಳು ತೋರಿಸೋದು ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಮಾತ್ರ. ಅದೇ ಟವರಿಗೆ ಎಷ್ಟು ಸಾವಿರ ಫೋನ್ ಜೋತು ಬಿದ್ದಿವೆ ಅನ್ನೋದು ಅಲ್ಲಿ ಕಾಣೋದಿಲ್ಲ. −85 ಡಿಬಿಎಂನಷ್ಟು ಒಳ್ಳೆಯ ಸಿಗ್ನಲ್ ಇದ್ದರೂ ನಿಮ್ಮ ಡೇಟಾ ಪಾಳಿಯಲ್ಲೇ ನಿಂತಿರುತ್ತದೆ.

ವೈಫೈ ಕಥೆ ಬೇರೆ. ಆಂಡ್ರಾಯ್ಡ್ ಫೋನ್ ವೈಫೈ ಸೇರಿದಾಗ ಗೂಗಲ್ ಸರ್ವರನ್ನು ಒಮ್ಮೆ ಕೇಳುತ್ತದೆ. 204 ಅನ್ನೋ ಉತ್ತರ ಬಂದರೆ ಇಂಟರ್ನೆಟ್ ಇದೆ ಅಂತ ನಂಬುತ್ತದೆ. ಹಾಗಾಗಿ ಸ್ಟಾಲಿನಲ್ಲಿ ವೈಫೈ ಕುಂಟುತ್ತಿದ್ದರೂ ಬಿಡೋದಿಲ್ಲ. ಬಿಟ್ಟರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಫೋನಿನ ಗುರುತು ಸಂಖ್ಯೆ) ಬದಲಾಗಿ, ಆ್ಯಪ್ ಮತ್ತು ಸರ್ವರ್ ನಡುವಿನ ಟಿಸಿಪಿ ಸಂಪರ್ಕ ಕಡಿಯುತ್ತದೆ, ಪೇಮೆಂಟ್ ನಡುವೆ ಸಿಕ್ಕಿಕೊಳ್ಳುತ್ತದೆ. ಜಾತ್ರೆ ದಿನ ಅಂಗಡಿ ಫೋನಿನಲ್ಲಿ ಮೊಬೈಲ್ ಡೇಟಾ ಕೈಯಾರೆ ಬಂದ್ ಮಾಡಿ ವೈಫೈ ಒಂದರಲ್ಲೇ ಇಡಿ. ಸಿಮ್ ಮಾತ್ರ ತೆಗೆಯಬೇಡಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಪುಟದ ಕೆಳತುದಿಯಲ್ಲಿ ವೈಫೈ ಕುಂಟಿದರೆ ತಾನೇ ಡೇಟಾಗೆ ಹೋಗುವ ‘ವೈಫೈ ಅಸಿಸ್ಟ್’ ಇದೆ, 2015ರ ಐಒಎಸ್ 9ರಿಂದ ಬಂದದ್ದು. ಅದನ್ನೂ ಆರಿಸಿ.

ನೆಟ್‌ವರ್ಕ್ ಕೆಲಸ, ಬಾಗಲಕೋಟೆ:
ಅಣ್ಣಾರ, ಕ್ಯೂಆರ್ ಸ್ಕ್ಯಾನ್ ಮಾಡಿ ರೊಕ್ಕ ಕಳಸೂದು ಗಿರಾಕಿ ಫೋನ್. ನಿಮ್ಮ ಫೋನ್ ಸರಿಮಾಡಿದ್ರ ಅರ್ಧ ಕೆಲಸ ಅಷ್ಟ. ಗಿರಾಕಿಗೂ ವೈಫೈ ಕೊಡ್ರಿ.

ವೈಫೈ ಸಿಗ್ನಲ್ ಮುಂದಕ್ಕ ದಾಟಸೂ ರಿಪೀಟರ್ ತರಬ್ಯಾಡ್ರಿ. ಒಂದ ರೇಡಿಯೋ ಇದ್ದದ್ದು ಬಂದ ಮಾತು ಕೇಳಿ ಮತ್ತ ಅದನ್ನ ಹೇಳಬೇಕು, ವೇಗ ಅರ್ಧಕ್ಕ ಇಳೀತೈತಿ. ಅಂಗಡಿಯಿಂದ ಸ್ಟಾಲಿಗೆ ಕ್ಯಾಟ್ 6 ನೆಟ್‌ವರ್ಕ್ ವೈರ್ ಎಳೆದು ಅಲ್ಲೇ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಬಿಡೂ ಡಬ್ಬಿ) ಹಾಕ್ರಿ. ಎತ್ತರ ಎರಡೂವರೆ ಮೀಟರ್ ಇರಲಿ, ಮಂದಿ ಮೈ ಸಿಗ್ನಲ್ ನುಂಗ್ತೈತಿ. ವೈಫೈ ಬ್ಯಾಂಡ್ ಮೊದಲು 5 ಗಿಗಾಹರ್ಟ್ಸ್ ಇಡ್ರಿ. 2.4 ಬೇಕಂದ್ರ ಚಾನೆಲ್ 1, 6, 11ರೊಳಗ ಖಾಲಿ ಇದ್ದದ್ದು, ಅಗಲ 20 ಮೆಗಾಹರ್ಟ್ಸ್.

ಗೆಸ್ಟ್ ನೆಟ್‌ವರ್ಕ್ ಬ್ಯಾರೆ ಮಾಡ್ರಿ, ಇಲ್ಲಾಂದ್ರ ಬಿಲ್ಲಿಂಗ್ ಕಂಪ್ಯೂಟರ್ ಎಲ್ಲಾರಿಗೂ ಕಾಣ್ತೈತಿ. ಒಬ್ಬೊಬ್ಬರಿಗೆ 1 ಎಂಬಿಪಿಎಸ್ ಮಿತಿ ಸಾಕು, ಪೇಮೆಂಟಿಗೆ ಡೇಟಾ ಭಾಳ ಕಡಿಮಿ. ಎಲ್ಲಾರೂ ಮರೆಯೂದು ಡಿಎಚ್‌ಸಿಪಿ ಲೀಸ್, ಅಂದ್ರ ರೌಟರ್ ಒಂದೊಂದು ಫೋನಿಗೆ ಐಪಿ ವಿಳಾಸ ಕೊಡೂ ಅವಧಿ. 24 ತಾಸಿಗೆ ಬಿಟ್ರ, ಬಂದು ಹೋದ ಗಿರಾಕಿ ವಿಳಾಸ ಮರುದಿನದ ತನಕ ಹಿಡದ ಇರ್ತೈತಿ. ಸಾಮಾನ್ಯ ನೆಟ್‌ವರ್ಕಿನ್ಯಾಗ ಹೆಚ್ಚಂದ್ರ 250ರ ಆಸುಪಾಸು ವಿಳಾಸ. ಅವು ಮುಗಿದ ಮ್ಯಾಲೆ ಹೊಸಬರ ಫೋನ್ ‘ಐಪಿ ಪಡೆಯಲಾಗುತ್ತಿದೆ’ ಅಂತ ಅಲ್ಲೇ ನಿಲ್ತೈತಿ. ಲೀಸ್ 30 ನಿಮಿಷಕ್ಕ ಇಳಸ್ರಿ. ರೌಟರ್, ಫೈಬರ್ ಡಬ್ಬಿ ಎರಡಕ್ಕೂ ಸಣ್ಣ ಯುಪಿಎಸ್ ಬೇಕ.

ಬಟ್ಟಿ ಅಂಗಡಿ, ವಿಜಯಪುರ:
ಲೀಸ್ ಮಾತು ಹೊಳದಿದ್ದಿಲ್ರಿ. ಸೌಂಡ್‌ಬಾಕ್ಸ್?

ಟವರ್ ಎಂಜಿನಿಯರ್, ಬೆಳಗಾವಿ:
ಬಹಳಷ್ಟು ಸೌಂಡ್‌ಬಾಕ್ಸ್‌ಗಳಲ್ಲಿ ಅದರದೇ ಸಿಮ್ ಇರುತ್ತದೆ, ಅದೂ ಅದೇ ಪಾಳಿಯಲ್ಲಿ ಸಿಕ್ಕಿರುತ್ತದೆ. ಅದು ಕೂಗಲಿಲ್ಲ ಅಂತ ಗಿರಾಕಿಗೆ ಮತ್ತೊಮ್ಮೆ ಹಾಕಿ ಅನ್ನಬೇಡಿ, ಮೊದಲು ವೈಫೈ ಮೇಲಿರುವ ಫೋನಿನಲ್ಲಿ ಜಮಾ ಪಟ್ಟಿ ನೋಡಿ. ಹಣ ಕಡಿತವಾಗಿ ನಿಮಗೆ ಬಾರದಿದ್ದರೆ, ಆರ್‌ಬಿಐ 2019ರ ನಿಯಮದಂತೆ ವ್ಯಾಪಾರಿ ಪಾವತಿ 5 ದಿನದೊಳಗೆ ಗಿರಾಕಿ ಖಾತೆಗೆ ವಾಪಸ್ ಆಗಬೇಕು. ಅವರ ಫೋನಿನಲ್ಲಿ ಕಾಣುವ ವಹಿವಾಟಿನ ಸಂಖ್ಯೆ ಬರೆದುಕೊಟ್ಟು ಕಳಿಸಿ.